ಪಿಎಚ್‌ಡಿ ಮುಗಿಯುತ್ತಾ ಬಂತು, ಕ್ವಾಂಟಮ್ ಫೀಲ್ಡ್ ಥಿಯರಿಯಲ್ಲೇ ಮುಂದುವರಿಯಲಾ?

ಲೂಪಿನೊಳಗೆ
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ಥಿಯರೆಟಿಕಲ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ನಾಲ್ಕನೇ ವರ್ಷ. ಕ್ವಾಂಟಮ್ ಫೀಲ್ಡ್ ಥಿಯರಿ, ಅಂದರೆ ಮೂಲ ಕಣಗಳು ಹೇಗೆ ವರ್ತಿಸುತ್ತವೆ ಅನ್ನೋ ಸಿದ್ಧಾಂತ, ಅದರಲ್ಲೂ ಎರಡು ಲೂಪಿನ ಲೆಕ್ಕಗಳು. ಎರಡು ಪೇಪರ್ ಆಗಿವೆ. ಮೂರನೆಯದು ಆರು ವಾರದಿಂದ ನಿಂತಲ್ಲೇ ನಿಂತಿದೆ. ಇದರ ಒಂದು ಭಾಗವನ್ನು ಬೇರೆ ಗುಂಪೊಂದು ಹಿಂದೆಯೇ ಮಾಡಿದೆ. ಅವರ ಉತ್ತರ ನನ್ನದಕ್ಕಿಂತ ಸರಿಯಾಗಿ ಎರಡು ಪಟ್ಟು. ಹತ್ತಿರ ಹತ್ತಿರ ಎರಡಲ್ಲ, ಎರಡೇ.

ಸೆಪ್ಟೆಂಬರ್ ಬಂದರೆ ಪೋಸ್ಟ್‌ಡಾಕ್ ಅರ್ಜಿಗಳು ಶುರು, ಅಂದರೆ ಪಿಎಚ್‌ಡಿ ಆದ ಮೇಲೆ ಸಿಗುವ, ಕೆಲವು ವರ್ಷಕ್ಕಷ್ಟೇ ಇರುವ ಸಂಶೋಧನೆ ಕೆಲಸಗಳಿಗೆ. ಈ ಪೇಪರ್ ಆಗದಿದ್ದರೆ ತೋರಿಸೋಕೆ ಎರಡೇ. ಇದೇ ದಾರಿಯಲ್ಲಿ ಹೋಗಲಾ, ಇಲ್ಲ ಈಗಲೇ ಬೇರೆ ಕೆಲಸ ನೋಡಿಕೊಳ್ಳಲಾ? ಈ ದಾರಿಯಲ್ಲಿ ನಡೆದವರು ಇದ್ದರೆ ಹೇಳಿ. ಧೈರ್ಯ ತುಂಬೋದು ಬೇಡ, ಹೇಗಿರುತ್ತೆ ಅಂತ ಹೇಳಿದರೆ ಸಾಕು.

ಹಳೇ ಪೋಸ್ಟ್‌ಡಾಕ್
ನಾನು ಮೂರು ಪೋಸ್ಟ್‌ಡಾಕ್ ಮಾಡಿದವನು, ಮೂರು ದೇಶದಲ್ಲಿ. ಈಗ ಕಾಯಂ ಕೆಲಸ ಇದೆ. ಹಾಗಾಗಿ ನನ್ನ ಮಾತನ್ನು ಸ್ವಲ್ಪ ಅನುಮಾನದಿಂದಲೇ ಕೇಳಿ, ದಡ ಸೇರಿದವನಿಗೆ ಹೊಳೆ ಯಾವಾಗಲೂ ಚಿಕ್ಕದಾಗಿಯೇ ಕಾಣುತ್ತದೆ.

ಮೊದಲು ಕ್ಯಾಲೆಂಡರ್ ತಿಳಿದುಕೊಳ್ಳಿ. ಜಾಹೀರಾತುಗಳು ಸೆಪ್ಟೆಂಬರ್‌ನಿಂದ ಬರುತ್ತವೆ, ಹೆಚ್ಚಿನವಕ್ಕೆ ಕೊನೆಯ ದಿನ ನವೆಂಬರ್, ಡಿಸೆಂಬರ್ ಒಳಗೆ. ಸಿವಿ, ಪೇಪರ್‌ಗಳ ಪಟ್ಟಿ, ಮುಂದೆ ಏನು ಮಾಡುತ್ತೀರಿ ಅನ್ನೋ ಎರಡು ಮೂರು ಪುಟ, ಮೂರು ಶಿಫಾರಸು ಪತ್ರ. ಒಂದು ಜಾಗಕ್ಕೆ ಹಾಕಿದರೂ ಅಷ್ಟೇ, ಐವತ್ತಕ್ಕೆ ಹಾಕಿದರೂ ಅಷ್ಟೇ. ಮೊದಲು ಆಫರ್ ಕೊಟ್ಟವರು "ನಾಳೆಯೊಳಗೆ ಹೇಳು" ಅಂತ ಕುತ್ತಿಗೆ ಹಿಡಿಯಬಾರದು ಅಂತ ಗುಂಪುಗಳು ತಮ್ಮಲ್ಲೇ ಒಂದು ಒಪ್ಪಂದ ಮಾಡಿಕೊಂಡಿದ್ದವು. ಒಂದು ದಿನ ಗೊತ್ತುಮಾಡಿ, ಅದಕ್ಕೆ ಮೊದಲು ಯಾರಿಂದಲೂ ಉತ್ತರ ಕೇಳುವ ಹಾಗಿಲ್ಲ ಅಂತ. ಬಹಳ ವರ್ಷ ಆ ದಿನ ಜನವರಿ 7 ಆಗಿತ್ತು. ಆ ಡಿಸೆಂಬರ್ ಕೊನೆಯ ವಾರಗಳನ್ನು ನಾನು ಮೂರು ಸಲ ಕಳೆದಿದ್ದೇನೆ. ಮೇಲ್ ಬಂತಾ ಅಂತ ರಾತ್ರಿ ಎರಡು ಗಂಟೆಗೆ ಎದ್ದು ನೋಡೋದು.

ಈಗ ಲೆಕ್ಕ ಹಾಕಿ. ಎರಡು ವರ್ಷದ ಪೋಸ್ಟ್‌ಡಾಕ್ ಸಿಕ್ಕಿತು ಅಂದುಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಸೇರುತ್ತೀರಿ. ಮನೆ, ವೀಸಾ, ಹೊಸ ಜನ ಅಂತ ಎರಡು ತಿಂಗಳು ಹೋಯಿತು. ಮುಂದಿನ ಅಕ್ಟೋಬರ್‌ಗೆ ಮತ್ತೆ ಅರ್ಜಿ. ಆ ಹೊತ್ತಿಗೆ ಹೊಸ ಜಾಗದಲ್ಲಿ ಏನಾದರೂ ಮಾಡಿ ತೋರಿಸಿರಬೇಕು. ಅಂದರೆ ಎರಡು ವರ್ಷ ಅಂತ ಕಾಗದದಲ್ಲಿದೆ, ಕೈಗೆ ಸಿಗೋದು ಒಂದೇ ವರ್ಷ.

ನಮ್ಮ ಕ್ಷೇತ್ರದ ಒಳ್ಳೆಯ ಸಮಸ್ಯೆಗಳು ಒಂದು ವರ್ಷಕ್ಕೆ ಬಗ್ಗುವಂಥವಲ್ಲ. ನಿಮ್ಮ ಪ್ರಶ್ನೆಯ ತಿರುಳೇ ಇದು ಅಂತ ನನ್ನ ಅಭಿಪ್ರಾಯ. ಬುದ್ಧಿ ಸಾಕಾ ಅನ್ನೋದಲ್ಲ. ಮಾಡಬೇಕು ಅನ್ನಿಸೋ ಸಮಸ್ಯೆಗೂ ಕಾಂಟ್ರಾಕ್ಟಿನ ಅವಧಿಗೂ ತಾಳೆಯಾಗಲ್ಲ.

ಬರೀ ಓದುಗ
ನಾನು ಫಿಸಿಕ್ಸ್‌ನವನಲ್ಲ. ದಡ್ಡ ಪ್ರಶ್ನೆ ಅನ್ನಿಸಿದರೆ ಕ್ಷಮಿಸಿ. ಆರು ವಾರ ಕೂತು ಹುಡುಕುವಂಥದ್ದು ಏನಿರುತ್ತದೆ ಅದರಲ್ಲಿ? ದಿನವಿಡೀ ಮಾಡೋದೇನು?

ಲೂಪಿನೊಳಗೆ
ದಡ್ಡ ಪ್ರಶ್ನೆ ಅಲ್ಲವೇ ಅಲ್ಲ ಸರ್, ನಮ್ಮ ಮನೆಯಲ್ಲೂ ಇದನ್ನೇ ಕೇಳುತ್ತಾರೆ.

ಕಣಗಳು ಡಿಕ್ಕಿ ಹೊಡೆದಾಗ ಏನಾಗುತ್ತೆ ಅಂತ ಲೆಕ್ಕ ಹಾಕೋಕೆ ಫೈನ್‌ಮನ್ ಚಿತ್ರಗಳು ಅಂತ ಬರೆಯುತ್ತೇವೆ. ಒಂದೊಂದು ಚಿತ್ರವೂ ಒಂದು ಇಂಟಿಗ್ರಲ್. ಚಿತ್ರದಲ್ಲಿ ಎಷ್ಟು ಸುತ್ತು ಅಂದರೆ ಲೂಪ್ ಇದೆಯೋ ಅಷ್ಟು ಕಷ್ಟ. ಎರಡು ಲೂಪಿಗೆ ಬಂದರೆ ಸಾವಿರಾರು ಇಂಟಿಗ್ರಲ್ ಆಗುತ್ತವೆ. ಅವೆಲ್ಲ ಒಂದಕ್ಕೊಂದು ನಂಟು ಇರುವಂಥವು. ಆ ನಂಟುಗಳನ್ನು ಸಮೀಕರಣ ಮಾಡಿ ಕಂಪ್ಯೂಟರಿಗೆ ಕೊಟ್ಟರೆ, ಅದು ರಾತ್ರಿಯೆಲ್ಲ ಓಡಿ, "ಈ ಇಪ್ಪತ್ತು ಗೊತ್ತಿದ್ದರೆ ಉಳಿದದ್ದೆಲ್ಲ ಗೊತ್ತಾದ ಹಾಗೆ" ಅಂತ ಹೇಳುತ್ತದೆ. ಆ ಇಪ್ಪತ್ತನ್ನು ನಾವು ಕೂತು ಮಾಡಬೇಕು. ಬೆಳಿಗ್ಗೆ ಬಂದು ನೋಡಿದರೆ ಎಷ್ಟೋ ಸಲ ಮೆಮೊರಿ ಸಾಲದೆ ಪ್ರೋಗ್ರಾಮ್ ಸತ್ತು ಬಿದ್ದಿರುತ್ತೆ, ಅದು ಬೇರೆ ಮಾತು.

ಎರಡು ಪಟ್ಟು ತಪ್ಪು ಎಲ್ಲಿ ಬೇಕಾದರೂ ನುಸುಳಬಹುದು. ಲೂಪಿನಲ್ಲಿ ಒಂದೇ ತರಹದ ಎರಡು ಕಣ ಓಡುತ್ತಿದ್ದರೆ ಅರ್ಧದಿಂದ ಗುಣಿಸಬೇಕು, ಮರೆತರೆ ಹೋಯಿತು. ಇಲ್ಲ ಆ ಗುಂಪಿನವರು ಕಪ್ಲಿಂಗ್, ಅಂದರೆ ಕಣಗಳ ನಡುವಿನ ಬಲ ಎಷ್ಟು ಅಂತ ಹೇಳುವ ಸಂಖ್ಯೆ, ಬೇರೆ ರೀತಿ ಬರೆದುಕೊಂಡಿರಬಹುದು. ಇಲ್ಲ ಒಂದು ಚಿತ್ರವನ್ನೇ ಎರಡು ಸಲ ಎಣಿಸಿರಬಹುದು. ಆರು ವಾರದಲ್ಲಿ ಇವೆಲ್ಲ ನೋಡಿಯಾಯಿತು. ನನ್ನ ನೋಟ್‌ಬುಕ್ಕಿನ 40ನೇ ಪುಟ ಅಳಿಸಿ ಅಳಿಸಿ ತೂತು ಬಿದ್ದಿದೆ.

ಹಳೇ ಪೋಸ್ಟ್‌ಡಾಕ್
ಇದಕ್ಕೊಂದು ಹಳೇ ಕಥೆ ಇದೆ, ಹೇಳಲೇಬೇಕು.

ಎಲೆಕ್ಟ್ರಾನಿನ ಕಾಂತ ಬಲ, ಸರಳ ಸಿದ್ಧಾಂತ ಹೇಳುವುದಕ್ಕಿಂತ ಒಂದು ಚೂರು ಜಾಸ್ತಿ. 1948ರಲ್ಲಿ ಶ್ವಿಂಗರ್ ಆ ಚೂರನ್ನು ಲೆಕ್ಕ ಹಾಕಿದರು. ಆಲ್ಫಾ, ಅಂದರೆ ವಿದ್ಯುತ್ ಬಲ ಎಷ್ಟು ಅಂತ ಹೇಳುವ ಸಂಖ್ಯೆ, ಅದನ್ನು ಎರಡು ಪೈಯಿಂದ ಭಾಗಿಸಿದರೆ ಸುಮಾರು 0.00116. ಒಂದೇ ಲೂಪ್, ಒಂದೇ ಚಿತ್ರ. ಎರಡು ಲೂಪಿಗೆ ಏಳು ಚಿತ್ರ. ಅದನ್ನು 1950ರಲ್ಲಿ ಕಾರ್ಪ್ಲಸ್ ಮತ್ತು ಕ್ರೋಲ್ ಮಾಡಿದರು. ಆಲ್ಫಾವನ್ನು ಪೈಯಿಂದ ಭಾಗಿಸಿ ವರ್ಗ ಮಾಡಿ, ಅದನ್ನು ಒಂದು ಸಂಖ್ಯೆಯಿಂದ ಗುಣಿಸಬೇಕು. ಅವರಿಗೆ ಬಂದ ಆ ಸಂಖ್ಯೆ ಮೈನಸ್ 2.97. ಏಳು ವರ್ಷ ಎಲ್ಲರೂ ಅದನ್ನೇ ಬಳಸಿದರು. 1957ರಲ್ಲಿ ಪೀಟರ್‌ಮನ್ ಒಂದು ಕಡೆ, ಸಾಮರ್‌ಫೀಲ್ಡ್ ಇನ್ನೊಂದು ಕಡೆ ಮತ್ತೆ ಮಾಡಿದರು. ಸರಿ ಉತ್ತರ ಮೈನಸ್ 0.328. ನಿಮ್ಮದು ಬರೀ ಎರಡು ಪಟ್ಟು, ಅವರದು ಒಂಬತ್ತು ಪಟ್ಟು! ಸಾಮರ್‌ಫೀಲ್ಡ್ ಆಗ ಶ್ವಿಂಗರ್ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗ.

ಆಮೇಲೆ ಮೂರು ಲೂಪಿಗೆ 72 ಚಿತ್ರ, ನಾಲ್ಕಕ್ಕೆ 891, ಐದಕ್ಕೆ 12,672. ಈ ಐದು ಲೂಪಿನ ಲೆಕ್ಕವನ್ನು ಕಿನೋಶಿತಾ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದರು. ಆಗ ಅವರಿಗೆ 87 ವರ್ಷ. ದಶಕಗಟ್ಟಲೆ ಒಂದೇ ಸಂಖ್ಯೆಯ ಹಿಂದೆ ಬಿದ್ದ ಮನುಷ್ಯ. ಇವತ್ತಿನ ಎರಡು ವರ್ಷದ ಪೋಸ್ಟ್‌ಡಾಕ್ ಯಾರಾದರೂ ಇಂಥದ್ದಕ್ಕೆ ಕೈ ಹಾಕಿದರೆ ನಾನೇ ಬೇಡ ಅನ್ನುತ್ತೇನೆ. ಹಾಗೆ ಅನ್ನಬೇಕಾಗಿ ಬಂದಿರೋದಕ್ಕೆ ಬೇಜಾರೂ ಆಗುತ್ತೆ.

ಗೇಜ್ ಗೆಳೆಯ
ಯಾಕೆ ಬೇಡ ಅನ್ನಬೇಕು ಸರ್? ಈ ಕ್ಷೇತ್ರದ ದೊಡ್ಡ ಕೆಲಸಗಳನ್ನು ಮಾಡಿದವರೇ ಚಿಕ್ಕವರು. ಗೇಜ್ ಥಿಯರಿಗಳ ಲೆಕ್ಕದಲ್ಲಿ ಬರುವ ಅನಂತಗಳನ್ನು ನಿಭಾಯಿಸಬಹುದು ಅಂತ ತೋರಿಸಿದಾಗ, 1971ರಲ್ಲಿ, ಟ್ ಹೂಫ್ಟ್ ವಿದ್ಯಾರ್ಥಿ, ಆ ಕೆಲಸಕ್ಕೆ 1999ರಲ್ಲಿ ವೆಲ್ಟ್‌ಮನ್ ಜೊತೆ ನೊಬೆಲ್. 1973ರಲ್ಲಿ ಅಸಿಂಪ್ಟೋಟಿಕ್ ಫ್ರೀಡಮ್, ಅಂದರೆ ಕ್ವಾರ್ಕ್ ಕಣಗಳು ಹತ್ತಿರ ಬಂದಷ್ಟೂ ಅವುಗಳ ನಡುವಿನ ಬಲ ಕಡಿಮೆಯಾಗುತ್ತೆ ಅನ್ನೋದನ್ನು ಕಂಡುಹಿಡಿದ ಮೂವರಲ್ಲಿ ವಿಲ್ಚೆಕ್, ಪಾಲಿಟ್ಸರ್ ಇಬ್ಬರೂ ವಿದ್ಯಾರ್ಥಿಗಳು. ಈ ಥಿಯರಿ ಕಟ್ಟಿದವರಲ್ಲಿ ಒಬ್ಬರಾದ ಡೈಸನ್ ಅಂತೂ ಪಿಎಚ್‌ಡಿನೇ ಮಾಡಲಿಲ್ಲ, ಆದರೂ ಪ್ರೊಫೆಸರ್ ಆದರು. ಹೆದರಿಕೊಂಡು ಸಣ್ಣ ಸಣ್ಣ ಪೇಪರ್ ಬರೆಯುತ್ತಾ ಕೂತರೆ ಏನು ಬಂತು?

ಬಿಟ್ಟು ಬಂದವಳು
ಗೇಜ್ ಗೆಳೆಯ ಅವರೇ, ನೀವು ಗೆದ್ದ ಕುದುರೆಗಳನ್ನಷ್ಟೇ ಎಣಿಸುತ್ತಿದ್ದೀರಿ. ಅದೇ ವರ್ಷಗಳಲ್ಲಿ ಅಷ್ಟೇ ದೊಡ್ಡ ಸಮಸ್ಯೆಗೆ ಕೈ ಹಾಕಿ, ಏನೂ ಸಿಗದೆ ಹೋದವರ ಹೆಸರು ನಮಗೆ ಗೊತ್ತೇ ಇರಲ್ಲ ಅಲ್ವಾ?

ನಾನು ಎರಡನೇ ಪೋಸ್ಟ್‌ಡಾಕ್ ಆದ ಮೇಲೆ ಬಿಟ್ಟೆ. ಸಾಕಾಗಿ ಬಿಟ್ಟದ್ದಲ್ಲ. ಮೂರನೇ ಸಲ ಊರು ಬಿಡಬೇಕಿತ್ತು. ನನ್ನ ಗಂಡನೂ ಥಿಯರಿಯವನೇ. ಇಬ್ಬರಿಗೂ ಒಂದೇ ಊರಲ್ಲಿ ಕೆಲಸ ಸಿಗೋದು ಅಂದರೆ ಏನು ಅಂತ ಇಲ್ಲಿ ಇರೋರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡು ವರ್ಷ ಬೇರೆ ಬೇರೆ ಖಂಡದಲ್ಲಿ ಇದ್ದೆವು. ಅವನಿಗೆ ಬೆಳಿಗ್ಗೆ ಆದಾಗ ನನಗೆ ರಾತ್ರಿ. ಫೋನಿನಲ್ಲಿ ಜಾಸ್ತಿ ಮಾತಾಡುತ್ತಿದ್ದದ್ದು ಯಾವ ಅರ್ಜಿಗೆ ಯಾವತ್ತು ಕೊನೆ ಅಂತ. ಆಮೇಲೆ ಒಂದು ದಿನ ಇಬ್ಬರೂ ಕೂತು ಮಾತಾಡಿ, ಸಾಕು ಅಂದುಕೊಂಡೆವು.

ಈಗ ದೊಡ್ಡ ಡೇಟಾ ಮೇಲೆ ಮಾಡೆಲ್ ಕಟ್ಟುವ ಕೆಲಸ. ಚೆನ್ನಾಗಿದೆ. "ಅಯ್ಯೋ, ಅಷ್ಟು ಓದಿ ಬಿಟ್ಟೆಯಾ" ಅನ್ನೋರು ಇದ್ದಾರೆ, ಅವರಿಗೆ ಉತ್ತರ ಕೊಡೋದು ಬಿಟ್ಟಿದ್ದೇನೆ. ಆದರೆ ಆರ್ಕೈವ್‌ನ ಹೊಸ ಪಟ್ಟಿಯನ್ನು ಇವತ್ತಿಗೂ ಒಮ್ಮೆ ನೋಡದಿದ್ದರೆ ನಿದ್ದೆ ಬರಲ್ಲ. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಇನ್ನೊಂದು ಮಾತು. ಹಿಗ್ಸ್ ತಮ್ಮ ಹೆಸರಿನ ಕಣದ ಬಗ್ಗೆ ಪೇಪರ್ ಬರೆದದ್ದು 1964ರಲ್ಲಿ. ಕಣ ಸಿಕ್ಕಿತು ಅಂತ ಜಿನೀವಾದ ಸೆರ್ನ್ ಪ್ರಯೋಗಾಲಯ ಹೇಳಿದ್ದು 2012ರ ಜುಲೈ 4ರಂದು. ನಡುವೆ 48 ವರ್ಷ. ಅವರು ಬರೆದ ಪೇಪರ್‌ಗಳೇ ಕಡಿಮೆ. 2013ರಲ್ಲಿ ನೊಬೆಲ್ ಬಂದಾಗ ಅವರೇ ಹೇಳಿದರು, ಇವತ್ತಿನ ಕಾಲದಲ್ಲಾಗಿದ್ದರೆ ತನಗೆ ಕೆಲಸವೇ ಸಿಗುತ್ತಿರಲಿಲ್ಲ ಅಂತ.

ಗೇಜ್ ಗೆಳೆಯ
ಸರಿ ಮೇಡಂ, ಆ ಮಾತು ಒಪ್ಪಿದೆ. ಆದರೆ ಕಾದು ಕೂತ ಡಿಪಾರ್ಟ್‌ಮೆಂಟುಗಳೂ ಇದ್ದವಲ್ಲ. ಕೆನೆತ್ ವಿಲ್ಸನ್ 1963ರಲ್ಲಿ ಕಾರ್ನೆಲ್ ಸೇರಿದರು. ಮುಂದಿನ ಎಷ್ಟೋ ವರ್ಷ ಹೇಳಿಕೊಳ್ಳುವಷ್ಟು ಪೇಪರೇ ಇಲ್ಲ. ಆದರೂ ಕಾಯಂ ಮಾಡಿದರು. 1971ರಲ್ಲಿ ರೀನಾರ್ಮಲೈಸೇಶನ್ ಗ್ರೂಪ್, ಅಂದರೆ ನೋಡುವ ಅಳತೆ ಬದಲಾದ ಹಾಗೆ ಸಿದ್ಧಾಂತ ಹೇಗೆ ಬದಲಾಗುತ್ತೆ ಅನ್ನೋದರ ಪೇಪರ್‌ಗಳು ಬಂದವು, 1982ರಲ್ಲಿ ನೊಬೆಲ್. ಯಾರೋ ಒಬ್ಬರು ನಂಬಿದರು.

ಹಳೇ ಪೋಸ್ಟ್‌ಡಾಕ್
ಯಾರೋ ನಂಬಿದರು, ಸರಿ. ಅಷ್ಟು ಹೊತ್ತು ನಂಬಿಕೊಂಡು ಕೂರುವ ಪುರುಸೊತ್ತು ಈಗ ಯಾರಿಗೂ ಇಲ್ಲ ಅನ್ನೋದೇ ಗೋಳು.

ಸಮಿತಿಯಲ್ಲಿ ಕೂತವರು
ನಾನು ಪೋಸ್ಟ್‌ಡಾಕ್ ಆಯ್ಕೆಗೆ ಕೆಲವು ವರ್ಷ ಕೂತಿದ್ದೇನೆ. ಆ ಕಡೆಯಿಂದ ಹೇಗೆ ಕಾಣುತ್ತೆ ಅಂತ ಹೇಳುತ್ತೇನೆ.

ಒಂದೋ ಎರಡೋ ಜಾಗಕ್ಕೆ ನೂರಾರು ಅರ್ಜಿ. ಮೊದಲ ಸುತ್ತಿನಲ್ಲಿ ಒಂದು ಅರ್ಜಿಗೆ ಕೆಲವೇ ನಿಮಿಷ. ಎಷ್ಟು ಪೇಪರ್ ಅಂತ ಎಣಿಸುವವರು ಇದ್ದಾರೆ, ಸುಳ್ಳು ಹೇಳಲ್ಲ. ಆದರೆ ಬೇಗ ಕಣ್ಣು ಹೋಗೋದು ಪತ್ರಗಳ ಕಡೆಗೆ. ಅದಕ್ಕೆ ಕಾರಣ ಇದೆ. ನಮ್ಮಲ್ಲಿ ಲೇಖಕರ ಹೆಸರು ಅಕ್ಷರಮಾಲೆ ಪ್ರಕಾರ ಬರೆಯುತ್ತಾರೆ. ಬೇರೆ ವಿಜ್ಞಾನಗಳ ಹಾಗೆ ಮೊದಲ ಹೆಸರು ಅಂದರೆ ಮುಖ್ಯ ಕೆಲಸ ಮಾಡಿದವರು ಅಂತ ಅಲ್ಲ. ನಾಲ್ವರ ಪೇಪರಿನಲ್ಲಿ ನೀವು ಮಾಡಿದ್ದೇನು ಅಂತ ಪೇಪರ್ ನೋಡಿದರೆ ಗೊತ್ತಾಗಲ್ಲ. ಪತ್ರ ಬರೆಯುವವರು ಹೇಳಬೇಕು: "ಮೂರನೇ ಭಾಗದ ಇಂಟಿಗ್ರಲ್‌ಗಳು ಪೂರ್ತಿ ಇವನದೇ, ನಮ್ಮ ಹಳೆಯ ಪೇಪರಿನ ತಪ್ಪನ್ನೂ ಇವನೇ ಹಿಡಿದ." ಇಂಥ ಒಂದು ಸಾಲು ಇದ್ದರೆ ಅರ್ಜಿ ಮೇಲಿನ ಕಟ್ಟಿಗೆ ಹೋಗುತ್ತದೆ. "ಬುದ್ಧಿವಂತ, ಶ್ರಮಜೀವಿ, ಎಲ್ಲರೊಡನೆ ಹೊಂದಿಕೊಳ್ಳುತ್ತಾನೆ" ಅಂತಷ್ಟೇ ಇದ್ದರೆ, ಗೈಡಿಗೆ ಹೇಳೋಕೆ ಏನೂ ಇಲ್ಲ ಅಂತ ಅರ್ಥ.

ಹಾಗಾಗಿ ಮೂರು ಪತ್ರದಲ್ಲಿ ಒಂದಾದರೂ ನಿಮ್ಮ ಸಂಸ್ಥೆಯ ಹೊರಗಿನವರದ್ದಾಗಿರಲಿ. ನಿಮ್ಮ ಕೆಲಸವನ್ನು ಓದಿ, ಜಗಳ ಆಡಿದವರಾದರೆ ಇನ್ನೂ ಒಳ್ಳೆಯದು.

ಬರೀ ಓದುಗ
ಜಗಳ ಆಡಿದವರಾ! ಚೆನ್ನಾಗಿದೆ ಇದು.

ಅಂದ ಹಾಗೆ, ಆರ್ಕೈವ್ ಅಂದರೆ ಏನು?

ಬಿಟ್ಟು ಬಂದವಳು
ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ಪೇಪರ್ ಹಾಕುವ ಜಾಲತಾಣ. 1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಲಾಸ್ ಅಲಮಾಸ್‌ನಲ್ಲಿ ಶುರು ಮಾಡಿದ್ದು, ಅದೂ ನಮ್ಮ ಈ ಥಿಯರಿ ಜನರಿಗೇ ಅಂತ. ನಮ್ಮಲ್ಲಿ ಪೇಪರ್ ಬಂತು ಅಂದರೆ ಆರ್ಕೈವ್‌ನಲ್ಲಿ ಬಂತು ಅಂತಲೇ. ಪತ್ರಿಕೆ ಆಮೇಲೆ, ಸಾವಕಾಶ.

ಒಂದು ತಮಾಷೆ ಕೇಳಿ. ದಿನದ ಗಡುವು ಅಮೆರಿಕದ ಪೂರ್ವ ಭಾಗದ ಸಮಯದಲ್ಲಿ ಮಧ್ಯಾಹ್ನ ಎರಡು ಗಂಟೆ. ಅದಾದ ಕೂಡಲೇ ಕಳಿಸಿದರೆ ಮರುದಿನದ ಪಟ್ಟಿಯಲ್ಲಿ ಮೇಲೆ ಬರುತ್ತೆ. ಎರಡು ಗಂಟೆ ಆಗಿ ಒಂದು ಸೆಕೆಂಡಿಗೆ ಬಟನ್ ಒತ್ತೋಕೆ ಗಡಿಯಾರ ನೋಡಿಕೊಂಡು ಕೂತ ಪ್ರೊಫೆಸರುಗಳನ್ನು ನಾನೇ ಕಂಡಿದ್ದೇನೆ. ವಿಶ್ವದ ಹುಟ್ಟಿನ ಬಗ್ಗೆ ಯೋಚಿಸುವ ಜನ!

ಬೂಟ್‌ಸ್ಟ್ರ್ಯಾಪ್ ಪ್ರಿಯೆ
ತಡವಾಗಿ ಬಂದೆ. ಎಲ್ಲರೂ ಇರೋದಾ ಬಿಡೋದಾ ಅಂತಲೇ ಮಾತಾಡುತ್ತಿದ್ದೀರಿ. ಕ್ವಾಂಟಮ್ ಫೀಲ್ಡ್ ಥಿಯರಿ ಒಂದೇ ಊರಲ್ಲ, ಅದರಲ್ಲಿ ಹತ್ತಾರು ಕೇರಿ ಇವೆ.

ನನ್ನ ಕೇರಿ ಕನ್ಫಾರ್ಮಲ್ ಬೂಟ್‌ಸ್ಟ್ರ್ಯಾಪ್, ಅಂದರೆ ಫೈನ್‌ಮನ್ ಚಿತ್ರಗಳಿಲ್ಲದೆ, ಸಿದ್ಧಾಂತದ ಸಮ್ಮಿತಿ ಮತ್ತು ಒಳಹೊಂದಾಣಿಕೆಯಿಂದಲೇ ಉತ್ತರ ಹಿಂಡೋದು. ಐಡಿಯಾ 1970ರ ದಶಕದ್ದು. 1984ರಲ್ಲಿ ಬೆಲಾವಿನ್, ಪೊಲ್ಯಕೋವ್, ಝಮೊಲೊಡ್‌ಚಿಕೋವ್ ಎರಡು ಆಯಾಮದಲ್ಲಿ ಅದರಿಂದ ಅದ್ಭುತ ಕೆಲಸ ತೆಗೆದರು. ಅದಕ್ಕಿಂತ ಮೇಲಿನ ಆಯಾಮಗಳಲ್ಲಿ ಮಾತ್ರ ವರ್ಷಗಟ್ಟಲೆ ತಣ್ಣಗೆ ಬಿದ್ದಿತ್ತು. 2008ರಲ್ಲಿ ರಟ್ಟಾಝಿ, ರಿಚ್‌ಕೋವ್, ತೊನ್ನಿ, ವಿಕಿ ಅದನ್ನು ಕಂಪ್ಯೂಟರಿನಲ್ಲಿ ಮಾಡಬಹುದು ಅಂತ ತೋರಿಸಿದರು. ಆಮೇಲೆ ನೋಡಿ, ಎಲ್ಲಿ ನೋಡಿದರೂ ಬೂಟ್‌ಸ್ಟ್ರ್ಯಾಪ್. 2007ರಲ್ಲಿ ಇದನ್ನೇ ಮಾಡುತ್ತೇನೆ ಅಂತ ಅರ್ಜಿ ಹಾಕಿದವರನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ ಅನ್ನಿಸುತ್ತೆ. ಅದೇ ಅರ್ಜಿ ಐದು ವರ್ಷ ಬಿಟ್ಟು ಹಾಕಿದ್ದರೆ ಕರೆದು ಕೊಡುತ್ತಿದ್ದರು.

ಹಾಗಂತ ಫ್ಯಾಷನ್ ಹಿಂದೆ ಓಡಿ ಅಂತಲ್ಲ. ಓಡಿ ಹೋಗಿ ಸೇರೋ ಹೊತ್ತಿಗೆ ಸುಲಭದ ಹಣ್ಣುಗಳನ್ನೆಲ್ಲ ಮೊದಲೇ ಬಂದವರು ಕಿತ್ತಿರುತ್ತಾರೆ. ಆದರೆ ಕೈಯಲ್ಲಿರೋ ವಿದ್ಯೆ ಎಲ್ಲೆಲ್ಲಿ ನಡೆಯುತ್ತೆ ಅಂತ ನೋಡಿ. ಲೂಪಿನೊಳಗೆ ಅವರೇ, ನೀವು ಎರಡು ಲೂಪಿನ ಇಂಟಿಗ್ರಲ್ ಮಾಡುತ್ತೀರಿ. 2019ರಲ್ಲಿ ಜ್ವಿ ಬರ್ನ್ ಮತ್ತು ಸಂಗಡಿಗರು ಅಂಥದ್ದೇ ಇಂಟಿಗ್ರಲ್‌ಗಳಿಂದ ಎರಡು ಕಪ್ಪು ಕುಳಿಗಳು ಒಂದನ್ನೊಂದು ಹೇಗೆ ಎಳೆಯುತ್ತವೆ ಅನ್ನೋದರ ಮುಂದಿನ ಹಂತದ ತಿದ್ದುಪಡಿ ತೆಗೆದರು. ಕಣಗಳ ಡಿಕ್ಕಿಗೆ ಅಂತ ಕಟ್ಟಿದ ಲೆಕ್ಕ ಗುರುತ್ವದ ಅಲೆಗಳಿಗೆ ಬಂತು. ನಿಮ್ಮ ಸ್ಟೇಟ್‌ಮೆಂಟಿನಲ್ಲಿ, ಅಂದರೆ ಮುಂದೆ ಏನು ಮಾಡುತ್ತೀರಿ ಅನ್ನೋ ಆ ಎರಡು ಮೂರು ಪುಟದಲ್ಲಿ, ಇದರ ಬಗ್ಗೆ ಒಂದು ಪ್ಯಾರಾ ಇದೆಯಾ?

ಲೂಪಿನೊಳಗೆ
ಇಲ್ಲ ಮೇಡಂ. ನಾನು ಬರೆದಿದ್ದೆಲ್ಲ "ಈ ಲೆಕ್ಕವನ್ನು ಮುಂದಿನ ಹಂತಕ್ಕೆ ಒಯ್ಯುವುದು" ಅಂತಲೇ ಇದೆ. ಈಗ ಓದಿದರೆ ನನಗೇ ಆಕಳಿಕೆ ಬರುತ್ತಿದೆ.

ಸಮಿತಿಯಲ್ಲಿ ಕೂತವರು
ನಮಗೂ ಬರುತ್ತದೆ. ಮೊದಲ ಪ್ಯಾರಾದಲ್ಲೇ ಪ್ರಶ್ನೆ ಇರಲಿ, ಲೆಕ್ಕ ಆಮೇಲೆ. ಒಂದು ವರ್ಷದಲ್ಲಿ ಖಂಡಿತ ಮುಗಿಯುವ ಕೆಲಸ ಒಂದು, ಮುಗಿಯದೇ ಇರಬಹುದಾದ ಕೆಲಸ ಒಂದು, ಎರಡನ್ನೂ ಬರೆಯಿರಿ. ಹಳೇ ಪೋಸ್ಟ್‌ಡಾಕ್ ಹೇಳಿದ ಆ ತಾಳೆಯಾಗದ ಅವಧಿಗೆ ನನಗೆ ಗೊತ್ತಿರೋ ಉಪಾಯ ಇದೊಂದೇ.

ಕಾಯಂ ಕೆಲಸ ಸಿಕ್ಕ ಮೇಲೆ ಸಮಯವೋ ಸಮಯ ಅಂದುಕೊಳ್ಳಬೇಡಿ. ಪಾಠ, ಅನುದಾನದ ಅರ್ಜಿ, ಬೇರೆಯವರ ವಿದ್ಯಾರ್ಥಿಗಳಿಗೆ ಶಿಫಾರಸು ಪತ್ರ. ನಾನೇ ಕೈಯಾರೆ ಒಂದು ಇಂಟಿಗ್ರಲ್ ಮಾಡಿ ಎರಡು ವರ್ಷವಾಯಿತು.

ಲೂಪಿನೊಳಗೆ
(ಐದು ವಾರ ಬಿಟ್ಟು)
ತಪ್ಪು ಸಿಕ್ಕಿತು. ಹೇಳಿಕೊಳ್ಳೋಕೆ ನಾಚಿಕೆ.

ಆ ಗುಂಪಿನಲ್ಲಿ ಒಬ್ಬರಿಗೆ ಮೇಲ್ ಹಾಕಿದೆ. ನನ್ನ ಮಧ್ಯದ ಉತ್ತರಗಳನ್ನೆಲ್ಲ ಕಳಿಸಿ, ನಿಮ್ಮದು ಎಲ್ಲಿ ಬೇರೆಯಾಗುತ್ತದೆ ಹೇಳಿ ಅಂದೆ. ಎರಡೇ ದಿನದಲ್ಲಿ ಉತ್ತರ ಬಂತು. "ಇಂಟಿಗ್ರಲ್‌ಗಳೆಲ್ಲ ಸರಿ ಇವೆ, ನಿಮ್ಮ ಮೊದಲ ಸಮೀಕರಣ ನೋಡಿ" ಅಂತ. ನೋಡಿದರೆ, ಲೆಕ್ಕದ ಬುಡದಲ್ಲಿರುವ ಕೆಲವು ಮ್ಯಾಟ್ರಿಕ್ಸ್‌ಗಳ (ಗ್ರೂಪಿನ ಜನರೇಟರ್‌ಗಳು) ಅಳತೆಯನ್ನು, ಅಂದರೆ ಟ್ರೇಸನ್ನು, ಅರ್ಧ ಅಂತ ತೆಗೆದುಕೊಳ್ಳುವ ರೂಢಿ ಇದೆಯಲ್ಲ, ಒಂದು ಜಾಗದಲ್ಲಿ ಹಾಗೆ ಬರೆದು, ಇನ್ನೊಂದು ಜಾಗದಲ್ಲಿ ಒಂದು ಅಂತ ಬಳಸಿದ್ದೇನೆ. ಆರು ವಾರ ನಾನು 40ನೇ ಪುಟ ತೂತು ಮಾಡುತ್ತಿದ್ದೆ. ತಪ್ಪು ಇದ್ದದ್ದು 1ನೇ ಪುಟದಲ್ಲಿ. ಆ ಪುಟವನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ, ಯಾಕೆಂದರೆ ಅದು ನನ್ನ ಮೊದಲ ಪೇಪರಿನಿಂದ ಹಾಗೇ ನಕಲು ಮಾಡಿದ್ದು.

ಅಂದರೆ ಮೊದಲ ಪೇಪರಿನಲ್ಲೂ ಅದೇ ತಪ್ಪು ಇದೆ. ಅಚ್ಚಾಗಿ ಹೋಗಿದೆ. ಅಲ್ಲಿ ಕೊನೆಯ ಉತ್ತರ ಕೆಡಲ್ಲ, ನಡುವೆ ಎರಡು ಸೂತ್ರ ಮಾತ್ರ ತಪ್ಪು. ಅರ್ಜಿ ಹಾಕೋಕೆ ಇನ್ನು ಕೆಲವೇ ವಾರ. ಈಗ ತಿದ್ದುಪಡಿ ಹಾಕಲಾ, ಜನವರಿ ಆದ ಮೇಲೆ ಹಾಕಲಾ? ನನ್ನ ಗೈಡ್ "ನಿನ್ನಿಷ್ಟ" ಅಂದರು.

ಗೇಜ್ ಗೆಳೆಯ
ಜನವರಿ ಆದ ಮೇಲೆ ಹಾಕಿ. ಕೊನೆಯ ಉತ್ತರ ಸರಿ ಇದೆಯಲ್ಲ, ಅವಸರ ಏನು?

ಬಿಟ್ಟು ಬಂದವಳು
ಈಗಲೇ ಹಾಕಿ. ಯಾರಾದರೂ ನಿಮ್ಮ ಸೂತ್ರ ಬಳಸಿಕೊಂಡು ಅವರೂ ಆರು ವಾರ ಕೂತರೆ?

ಹಳೇ ಪೋಸ್ಟ್‌ಡಾಕ್
ಈಗಲೇ. ಆರ್ಕೈವ್‌ನಲ್ಲಿ ಹೊಸ ಆವೃತ್ತಿ ಹಾಕುವಾಗ ಏನು ತಿದ್ದಿದ್ದೀರಿ ಅಂತ ಕಮೆಂಟಿನಲ್ಲಿ ಒಂದು ಸಾಲು ಬರೆಯಿರಿ. ಪತ್ರಿಕೆಗೆ ಎರಾಟಮ್, ಅಂದರೆ ತಪ್ಪು ತಿದ್ದುವ ಟಿಪ್ಪಣಿ, ಕಳಿಸಿ. ಸಹಾಯ ಮಾಡಿದವರಿಗೆ ಅಲ್ಲೇ ವಂದನೆ ಹೇಳಿ.

ಆವತ್ತಿನ ಕಥೆಯಲ್ಲಿ ಒಂದು ಭಾಗ ಬಿಟ್ಟಿದ್ದೆ. ಒಂಬತ್ತು ಪಟ್ಟು ತಪ್ಪಿದ ಕ್ರೋಲ್ ಕೊಲಂಬಿಯಾದಲ್ಲಿ, ಆಮೇಲೆ ಸ್ಯಾನ್ ಡಿಯಾಗೋದಲ್ಲಿ ಪ್ರೊಫೆಸರ್ ಆಗಿಯೇ ಇದ್ದರು. ಕಾರ್ಪ್ಲಸ್ ಬರ್ಕ್ಲಿಗೆ ಹೋದರು, ಕೆಲವು ವರ್ಷಗಳಲ್ಲಿ ಕ್ಷೇತ್ರ ಸಿದ್ಧಾಂತ ಬಿಟ್ಟು ಪ್ರಾಥಮಿಕ ಶಾಲೆಯ ಮಕ್ಕಳಿಗೆ ವಿಜ್ಞಾನ ಹೇಗೆ ಕಲಿಸಬೇಕು ಅನ್ನೋ ಕಡೆ ತಿರುಗಿದರು. ಅಲ್ಲಿ ಅವರ ಹೆಸರು ಇನ್ನೂ ದೊಡ್ಡದು.

ಸಮಿತಿಯಲ್ಲಿ ಕೂತವರು
ತಾನೇ ಹಾಕಿದ ಎರಾಟಮ್ ನೋಡಿ ಅರ್ಜಿ ಪಕ್ಕಕ್ಕಿಟ್ಟದ್ದು ನನಗೆ ನೆನಪಿಲ್ಲ. ಬೇರೆಯವರು ತೋರಿಸಿಕೊಟ್ಟಿದ್ದನ್ನು ಮುಚ್ಚಿಟ್ಟದ್ದು ನೆನಪಿದೆ.

ಅಂದ ಹಾಗೆ, ಎರಡೇ ದಿನದಲ್ಲಿ ಉತ್ತರ ಕೊಟ್ಟರಲ್ಲ, ಅವರನ್ನು ಮೂರನೇ ಪತ್ರಕ್ಕೆ ಕೇಳಿದ್ದೀರಾ?

ಲೂಪಿನೊಳಗೆ
ಅವರಿಗೆ ನಾನು ಯಾರು ಅಂತಲೇ ಗೊತ್ತಿಲ್ಲ ಸರ್! ಬರೀ ನಾಲ್ಕು ಮೇಲ್.

ಸಮಿತಿಯಲ್ಲಿ ಕೂತವರು
ನಿಮ್ಮ ಇಂಟಿಗ್ರಲ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ ಎಲ್ಲ ಸರಿ ಇವೆ ಅಂದವರು ಅವರೊಬ್ಬರೇ. ಮೊದಲು ಒಂದು ಸೆಮಿನಾರ್ ಕೊಡಬಹುದಾ ಅಂತ ಕೇಳಿ, ಪತ್ರದ ಮಾತು ಆಮೇಲೆ ಎತ್ತಿ. ಇವತ್ತೇ ಬರೆಯಿರಿ, ಸೆಪ್ಟೆಂಬರ್ ಬಂದರೆ ಅವರಿಗೆ ಇಂಥ ಮೇಲ್‌ಗಳು ಹತ್ತು ಬರುತ್ತವೆ.

ಲೂಪಿನೊಳಗೆ
ಬರೆದೆ. ಎರಾಟಮ್ ಕೂಡ ಸಿದ್ಧವಾಗಿದೆ. ಎರಡು ಗಂಟೆಗೆ ಸರಿಯಾಗಿ ಹಾಕೋಣ ಅಂತ ಕೂತಿದ್ದೆ, ಆಮೇಲೆ ಗೊತ್ತಾಯಿತು, ಹಳೇ ಪೇಪರಿನ ಹೊಸ ಆವೃತ್ತಿ ಹೊಸ ಪೇಪರ್‌ಗಳ ಜೊತೆ ಬರಲ್ಲ, ಪಟ್ಟಿಯ ಕೊನೆಗೆ ಹೋಗುತ್ತೆ.